ಯಾವ ಆಪರೇಷನ್ ಅಂತ ಕೇಳಿದ್ದೇ ತಪ್ಪಾ?

"ನೀವು ಡಾಕ್ಟರಾ, ನಾನು ಡಾಕ್ಟರಾ?"

ಆಟೋದಲ್ಲಿ ಸಿಲ್ಕ್ ಬೋರ್ಡ್ ದಾಟುವವರೆಗೂ ಇದೇ ಮಾತು ಕಿವಿಯಲ್ಲಿ. ಅಮ್ಮ ಪಕ್ಕದಲ್ಲೇ ಇದ್ದಳು, ಅದಕ್ಕೆ ಬಾಯಿ ಬಿಡಲಿಲ್ಲ. ಈಗ ಇಲ್ಲಿ ಬರೆಯದೆ ನಿದ್ದೆ ಬರಲ್ಲ.

ಅಮ್ಮನಿಗೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಪ್ರೆಶರ್ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ. ಆಪರೇಷನ್ ಮಾಡಬೇಕು ಅಂದ ಡಾಕ್ಟರನ್ನ ನಾನು ಕೇಳಿದ್ದು ಇಷ್ಟೇ: "ಸಾರ್, ಟ್ರಾಬೆಕ್ಯುಲೆಕ್ಟಮಿ ಮಾಡ್ತೀರಾ, ಟ್ಯೂಬ್ ಇಡ್ತೀರಾ? ಅಮ್ಮನಿಗೆ ಯಾವುದು ಸರಿ, ಯಾಕೆ?" ಅವರು ನನ್ನ ಮುಖ ಕೂಡ ನೋಡಲಿಲ್ಲ. "ಗೂಗಲ್ ಓದ್ಕೊಂಡು ಬರೋರ ಕಾಟ ಜಾಸ್ತಿ ಆಯ್ತು" ಅಂದರು. ಹಿಂದೆ ನಿಂತಿದ್ದ ಜೂನಿಯರ್ ನಕ್ಕಳು. ಬಾಗಿಲಲ್ಲಿ ಫೈಲ್ ಹಿಡಿದು ನಿಂತವರೆಲ್ಲ ನನ್ನನ್ನೇ ನೋಡಿದರು. ಅಮ್ಮ ಇನ್ನೂ ಮಷೀನಿನ ಮೇಲೆ ಗಲ್ಲ ಇಟ್ಟುಕೊಂಡೇ ಕೂತಿದ್ದಳು. ತೆಗೀರಿ ಅಂತ ಯಾರೂ ಹೇಳಿರಲಿಲ್ಲ. ಪ್ರೆಶರ್ ನೋಡಲು ಹಾಕಿದ ಹಳದಿ ಡ್ರಾಪ್ಸ್ ಕೆನ್ನೆ ಮೇಲಿಂದ ಇಳಿದು ಸೆರಗಿಗೆ ಹತ್ತಿತ್ತು. ಒರೆಸಿಕೊಳ್ಳಲು ಹತ್ತಿ ಕೂಡ ಕೊಟ್ಟಿರಲಿಲ್ಲ.

ಕೇಳಬಾರದಾ? ಟ್ರಾಬೆಕ್ಯುಲೆಕ್ಟಮಿ ಅಂದರೆ ಮೇಲಿನ ರೆಪ್ಪೆ ಕೆಳಗೆ ಕಣ್ಣಿನ ಬಿಳಿ ಭಾಗದಲ್ಲಿ ದಾರಿ ಮಾಡಿ ಒಳಗಿನ ನೀರು ಹೊರಗೆ ಬಿಡುವುದು. 1968ರಿಂದ ಮಾಡುತ್ತಿದ್ದಾರೆ. ಗಾಯ ಮಾಯ್ದು ಆ ದಾರಿ ಮುಚ್ಚಿಹೋಗಬಹುದು, ಪ್ರೆಶರ್ ತೀರಾ ಇಳಿದುಬಿಡಬಹುದು, ಎಷ್ಟೋ ವರ್ಷದ ಮೇಲೂ ಇನ್ಫೆಕ್ಷನ್ ಆಗಬಹುದು. ಟ್ಯೂಬ್ ಅಂದರೆ ಅದೇ ನೀರು ಹೊರಗೆ ಹೋಗಲು ಕಣ್ಣಿಗೆ ಇಡುವ ಸಣ್ಣ ನಳಿಕೆ. ಅದರಲ್ಲೂ ಬೇರೆ ಬೇರೆ ಇವೆ. ಅಹ್ಮದ್ ಅನ್ನುವುದಕ್ಕೆ ನೀರು ಒಮ್ಮೆಲೇ ಹರಿದುಹೋಗದಂತೆ ತಡೆಯುವ ವಾಲ್ವ್ ಇದೆ. ಮಧುರೈಯಲ್ಲಿ ತಯಾರಾಗುವುದಕ್ಕೆ ಬೆಲೆ ಕಡಿಮೆ, ವಾಲ್ವ್ ಇಲ್ಲ, ಅದಕ್ಕೇ ಶುರುವಿನಲ್ಲಿ ಟ್ಯೂಬ್‌ಗೆ ದಾರ ಕಟ್ಟಿರುತ್ತಾರೆ. ಯಾವುದೇ ಮಾಡಿದರೂ ಹೋದ ದೃಷ್ಟಿ ವಾಪಸ್ ಬರಲ್ಲ, ಇರುವುದನ್ನು ಉಳಿಸಿಕೊಳ್ಳೋದು ಅಷ್ಟೇ. ಅಮ್ಮನಿಗೆ ನೆಟ್ಟಗೆ ಕಾಣುತ್ತಿರುವುದು ಈ ಒಂದೇ ಕಣ್ಣು. ಅದರ ಬಗ್ಗೆ ನಾನು ಕೇಳದೆ ಇನ್ಯಾರು ಕೇಳಬೇಕು?

ಆಮೇಲೆ ಕೌನ್ಸೆಲಿಂಗ್ ಅಂತ ಇನ್ನೊಂದು ರೂಮಿಗೆ ಕಳಿಸಿದರು. ಅಲ್ಲಿ ಕೊಟ್ಟ ಹಾಳೆಯಲ್ಲಿ ಜನರಲ್ ವಾರ್ಡ್ ಎಷ್ಟು, ಡೀಲಕ್ಸ್ ಎಷ್ಟು, ಎಲ್ಲ ಇತ್ತು. ಆಪರೇಷನ್ ಯಾವುದು ಅನ್ನೋದು ಮಾತ್ರ ಇರಲಿಲ್ಲ. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷ್. ಅಮ್ಮ ಓದೋದು ಕನ್ನಡ. "ಸೈನ್ ಎಲ್ಲಿ ಹಾಕ್ಲಿ?" ಅಂತ ಅವಳು ಕೇಳಿದಾಗ ಹೊಟ್ಟೆ ಉರಿದುಹೋಯಿತು.

ಆ ಆಸ್ಪತ್ರೆ ಮೆಟ್ಟಿಲು ಇನ್ನು ತುಳಿಯಲ್ಲ. ಆದರೆ ಮೂರು ಥರ ಡ್ರಾಪ್ಸ್ ಹಾಕಿಯೂ ಪ್ರೆಶರ್ 34. 21 ದಾಟಿದರೇ ಜಾಸ್ತಿ ಅಂತಾರೆ. ಇನ್ನೊಂದು ಕಡೆ ಹೋದರೆ ಮತ್ತೆ ಎಲ್ಲ ಟೆಸ್ಟು, ಮತ್ತೆ ಅಪಾಯಿಂಟ್‌ಮೆಂಟು. ಅಷ್ಟರಲ್ಲಿ ನರ ಇನ್ನಷ್ಟು ಹಾಳಾದರೆ? ಬಹುಶಃ ಅಲ್ಲೇ ಮಾಡಿಸಬೇಕೇನೋ. ಅವರ ಕೈ ಚೆನ್ನಾಗಿದೆ ಅಂತಲೂ ಎಲ್ಲರೂ ಹೇಳುತ್ತಾರೆ. ಕೈ ಚೆನ್ನಾಗಿದ್ದರೆ ಬಾಯಿ ಹೇಗಿದ್ದರೂ ನಡೆಯುತ್ತಾ?

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ದಯವಿಟ್ಟು ಹೇಳಿ. ಯಾವುದು ಮಾಡಿದರು? ಯಾಕೆ ಅಂತ ನಿಮಗೆ ಕೂರಿಸಿಕೊಂಡು ಹೇಳಿದರಾ?