ಕನ್ನಡಕ ಕೊಟ್ಟಾಯ್ತು, ಆಮೇಲೆ?

ಜುಲೈ ಬಂದರೆ ನಮ್ಮ ದಾವಣಗೆರೆಯಲ್ಲಿ ಪದಗ್ರಹಣಗಳ ಸುಗ್ಗಿ. ಲಯನ್ಸ್ ಇರಲಿ, ರೋಟರಿ ಇರಲಿ, ಈ ಸೇವಾ ಕ್ಲಬ್‌ಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಯೋಜನೆ. ನಾನು ಸರ್ಕಾರಿ ಶಾಲೆ ಮೇಷ್ಟ್ರು. ಈ ಕ್ಲಬ್‌ನವರು ಶಾಲೆಗಳಲ್ಲಿ ನಡೆಸಿ ಪುಕ್ಕಟೆ ಕನ್ನಡಕ ಹಂಚುವ ಮಕ್ಕಳ ಕಣ್ಣು ತಪಾಸಣೆ ಶಿಬಿರಗಳನ್ನು ವೇದಿಕೆ ಮೇಲಿಂದ ಅಲ್ಲ, ಕ್ಲಾಸ್‌ರೂಮಿನಿಂದ ನೋಡಿದವನು. ನನ್ನ ಪ್ರಕಾರ ಈ ಜೂನ್ 30 ಇದೆಯಲ್ಲ, ಒಳ್ಳೆಯ ಕೆಲಸ ಅರ್ಧಕ್ಕೆ ನಿಲ್ಲುವುದೇ ಅದರಿಂದ.

ಕ್ಲಬ್‌ನವರನ್ನು ಆಡಿಕೊಳ್ಳಲು ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಪಿಎಂಸಿಯಲ್ಲಿ ವ್ಯಾಪಾರ ಬಿಟ್ಟು ಬಂದು, ಇಡೀ ದಿನ ಕೂತು ರಿಜಿಸ್ಟರ್‌ನಲ್ಲಿ ಮಕ್ಕಳ ಹೆಸರು ಬರೆದವರನ್ನು ನೋಡಿದ್ದೇನೆ. ಲಯನ್ಸ್‌ನವರಿಗಂತೂ ಕಣ್ಣಿನ ಕೆಲಸ ಹಳೇ ನಂಟು. 1925ರಲ್ಲಿ, ಕಣ್ಣು ಕಿವಿ ಎರಡೂ ಇಲ್ಲದ ಲೇಖಕಿ ಹೆಲೆನ್ ಕೆಲ್ಲರ್ ಅಮೆರಿಕದಲ್ಲಿ ನಡೆದ ಅವರ ಸಮಾವೇಶಕ್ಕೆ ಬಂದು, ಕಣ್ಣಿಲ್ಲದವರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡಿದ್ದರು. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು ಅಂತ ಇದೆ. ಆದರೆ ಅವರು ಹಲ್ಲು, ರಕ್ತಹೀನತೆ, ಹೃದಯ ಎಲ್ಲವನ್ನೂ ನೋಡಬೇಕು. ನಾನು ಕಂಡಂತೆ, ಬರೀ ಕಣ್ಣಿಗೆ ಅಂತಲೇ ಒಂದು ದಿನ ಕೊಡುವವರು ಈ ಕ್ಲಬ್‌ನವರು.

ಕಣ್ಣು ಸರಿಯಾಗಿ ಕಾಣದ ಮಗು ತಾನಾಗಿ ಬಂದು ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತೆ ಅಂದುಕೊಂಡಿರುತ್ತದೆ. ಬೋರ್ಡ್ ಕಾಣದೆ ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತದೆ. ಅದಕ್ಕೆ ದಡ್ಡ ಅನ್ನೋ ಹೆಸರು ಬೇರೆ. ಶಿಬಿರದ ದಿನವೂ ಮಕ್ಕಳು ಮಕ್ಕಳೇ. 6 ಮೀಟರ್ ದೂರದಲ್ಲಿ ಅಕ್ಷರಗಳ ಚಾರ್ಟ್ ನೇತು ಹಾಕಿರುತ್ತಾರೆ, ಸಾಲಲ್ಲಿ ನಿಂತವರು ತಮ್ಮ ಪಾಳಿ ಬರುವಷ್ಟರಲ್ಲಿ ಕೊನೇ ಸಾಲನ್ನು ಬಾಯಿಪಾಠ ಮಾಡಿರುತ್ತಾರೆ! ಒಂದು ಕಣ್ಣು ಮುಚ್ಚಿಕೊಳ್ಳೋ ಅಂದರೆ ಬೆರಳ ಸಂದಿಯಲ್ಲಿ ಇಣುಕುತ್ತಾರೆ. ಅದಕ್ಕೇ ಗಡಿಬಿಡಿಯಲ್ಲಿ ಮಾಡುವ ಕೆಲಸ ಅಲ್ಲ ಇದು. ಮಕ್ಕಳ ಕಣ್ಣು ತನಗೆ ತಾನೇ ಫೋಕಸ್ ಬಿಗಿ ಮಾಡಿಕೊಳ್ಳುತ್ತದೆ. ಡ್ರಾಪ್ಸ್ ಹಾಕಿ ಅದನ್ನು ಸಡಿಲ ಮಾಡದೆ ಮಷೀನಿನಲ್ಲಿ ಸುಮ್ನೆ ನಂಬರ್ ತೆಗೆದರೆ ಎಷ್ಟೋ ಸಲ ಮೈನಸ್ ನಂಬರ್ ಜಾಸ್ತಿ ಬರುತ್ತದೆ. ಡ್ರಾಪ್ಸ್ ಹಾಕಿದರೆ ಮಗುವಿಗೆ ಓದೋಕೆ ಮಂಜಾಗುತ್ತೆ, ಬಿಸಿಲಿಗೆ ಕಣ್ಣು ಬಿಡೋಕೆ ಆಗಲ್ಲ, ಶಿಬಿರವೂ ಬೇಗ ಮುಗಿಯಲ್ಲ. ಮುಖ್ಯ ಅತಿಥಿಗಳು ಅಷ್ಟು ಹೊತ್ತು ಕಾಯ್ತಾರಾ?

ಇನ್ನೊಂದು ತಕರಾರು ವಯಸ್ಸಿನದು. ಕ್ಲಬ್‌ನವರು ಹೆಚ್ಚಾಗಿ ಹೈಸ್ಕೂಲಿಗೆ ಹೋಗುತ್ತಾರೆ. ಅಲ್ಲಿನ ಮಕ್ಕಳು ಹೇಳಿದಂತೆ ಸಾಲಾಗಿ ಕೂರುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಸೋಮಾರಿ ಕಣ್ಣು ಅಂತಾರಲ್ಲ, ಅದು ಹೈಸ್ಕೂಲ್ ತನಕ ಕಾಯುವುದಿಲ್ಲ. ಒಂದು ಕಣ್ಣಿನ ನಂಬರ್ ಜಾಸ್ತಿ ಇದ್ದರೆ, ಇಲ್ಲಾ ಮೆಳ್ಳೆಗಣ್ಣಿದ್ದರೆ, ಮಿದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಟ್ಟುಬಿಡುತ್ತದೆ. ಇನ್ನೊಂದು ಕಣ್ಣು ಎಲ್ಲ ಕೆಲಸ ಮಾಡಿಕೊಂಡು ಹೋಗುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲ್ಲ. ಏಳು ವರ್ಷದ ಒಳಗೆ ಸಿಕ್ಕರೆ ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ, ಸೋಮಾರಿ ಕಣ್ಣಿಗೆ ಕೆಲಸ ಕಲಿಸಬಹುದು. ತಡವಾದಷ್ಟೂ ಕಷ್ಟ. ಹಾಗಾಗಿ ಹೋಗಬೇಕಾದದ್ದು ಅಂಗನವಾಡಿಗೆ, ಒಂದನೇ ಕ್ಲಾಸಿಗೆ. ಅಕ್ಷರ ಬಾರದ ಮಕ್ಕಳಿಗೆ ಬೇರೆ ಚಾರ್ಟ್ ಇದೆ. ಗುರುತು ಯಾವ ಕಡೆ ತಿರುಗಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ಅಲ್ಲಿ ಗಲಾಟೆ, ಅಳು, ಸುರಿಯುವ ಮೂಗು ಎಲ್ಲ ಇರುತ್ತೆ, ಇರಲಿ ಬಿಡಿ.

ಈಗ ಅಸಲಿ ವಿಷಯ. ಕನ್ನಡಕ ಕೊಟ್ಟ ಮರುವಾರ ಕ್ಲಾಸಿಗೆ ಬಂದು ನೋಡಿ. ಅರ್ಧಕ್ಕರ್ಧ ಮಕ್ಕಳ ಮುಖದ ಮೇಲೆ ಕನ್ನಡಕ ಇರುವುದಿಲ್ಲ. ಒಬ್ಬ ಬ್ಯಾಗಿನಲ್ಲಿ ಇಟ್ಟಿರುತ್ತಾನೆ, 'ಸೋಡಾಬುಡ್ಡಿ' ಅಂತ ರೇಗಿಸುತ್ತಾರಂತೆ. ಇನ್ನೊಬ್ಬನದು ಕಬಡ್ಡಿಯಲ್ಲಿ ಕಡ್ಡಿ ಮುರಿದಿದೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಅವನಪ್ಪ ಅದನ್ನು ರಿಪೇರಿ ಮಾಡಿಸಲು ಅರ್ಧ ದಿನದ ಕೂಲಿ ಬಿಡಬೇಕು. ಒಂದು ಹುಡುಗಿಯ ಅಜ್ಜಿ ನನಗೇ ಹೇಳಿದರು, "ಹೆಣ್ಣುಡುಗಿ ಸಾರ್, ಈಗ್ಲೇ ಕನ್ನಡಕ ಹಾಕಿದ್ರೆ ನಾಳೆ ಗಂಡಿನ ಕಡೆಯೋರು ಏನಂತಾರೆ?" ಕನ್ನಡಕ ಹಾಕಿದರೆ ನಂಬರ್ ಏರುತ್ತೆ ಅನ್ನೋ ನಂಬಿಕೆ ಬೇರೆ ಇದೆ. ಅದು ಸುಳ್ಳು. ಮಗು ಬೆಳೆದ ಹಾಗೆ ಕಣ್ಣೂ ಬೆಳೆಯುತ್ತದೆ, ನಂಬರ್ ಬದಲಾಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಿಸಬೇಕು. ಅಷ್ಟರಲ್ಲಿ ಅಧ್ಯಕ್ಷರೇ ಬದಲಾಗಿರುತ್ತಾರೆ. ಹೊಸಬರಿಗೆ ಹೊಸ ಶಾಲೆ ಬೇಕು, ಹೊಸ ಬ್ಯಾನರ್ ಬೇಕು. ಹೋದ ವರ್ಷದ ರಿಜಿಸ್ಟರ್ ಯಾರ ಅಂಗಡಿಯ ಅಟ್ಟದಲ್ಲಿದೆಯೋ ಏನೋ.

ಹಾಗಂತ ದೊಡ್ಡ ಖರ್ಚಿನ ಕೆಲಸ ಕೇಳುತ್ತಿಲ್ಲ. ಫ್ರೇಮ್ ಆರಿಸೋದನ್ನು ಮಗುವಿಗೇ ಬಿಡಿ. ಎಲ್ಲರಿಗೂ ಒಂದೇ ಕಂದು ಬಣ್ಣದ್ದು ಕೊಟ್ಟರೆ ಇದು ಪುಕ್ಕಟೆ ಕನ್ನಡಕ ಅಂತ ಇಡೀ ಶಾಲೆಗೆ ಡಂಗುರ ಸಾರಿದ ಹಾಗೆ. ವೇದಿಕೆಗೆ ಅಪ್ಪ-ಅಮ್ಮನನ್ನು, ಅಜ್ಜಿಯನ್ನು ಕರೆಸಿ, ಭಾಷಣದ ಬದಲು ಕಣ್ಣಿನ ಡಾಕ್ಟರೇ ಅವರ ಜೊತೆ ಹತ್ತು ನಿಮಿಷ ಮಾತಾಡಲಿ. ಆರು ತಿಂಗಳಾದ ಮೇಲೆ ಇಬ್ಬರು ಸದಸ್ಯರು ಶಾಲು-ಹಾರ ಇಲ್ಲದೆ ಬಂದು, ಎಷ್ಟು ಮಕ್ಕಳು ಹಾಕಿಕೊಂಡಿದ್ದಾರೆ ಅಂತ ನೋಡಿ, ಮುರಿದಿದ್ದನ್ನು ಸರಿ ಮಾಡಿಸಲಿ. ವರದಿಯಲ್ಲಿ ಆ ಲೆಕ್ಕ ಬರೆಯಿರಿ, ಹಂಚಿದ್ದರ ಲೆಕ್ಕ ಬೇಡ.

ಹೇಳಲೇಬೇಕಾದ ಇನ್ನೊಂದು: ಮಕ್ಕಳನ್ನು ಬಯಲಿಗೆ ಬಿಡಿ. ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿದ್ದರೆ ದೂರದ್ದು ಕಾಣದ ತೊಂದರೆ ಶುರುವಾಗುವುದು ಕಡಿಮೆ ಆಗುತ್ತದೆ. ತೈವಾನ್‌ನ ಶಾಲೆಗಳಲ್ಲಿ 2010ರಿಂದ ಇದನ್ನೇ ಕಾರ್ಯಕ್ರಮವಾಗಿ ಮಾಡಿದ್ದಾರೆ. ನಮ್ಮಲ್ಲಿ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ.

ಈ ಸಲ ಪದಗ್ರಹಣದಲ್ಲಿ ಹಳೇ ಕಾರ್ಯದರ್ಶಿಗಳು ಹೊಸಬರಿಗೆ ಬ್ಯಾಡ್ಜ್ ಜೊತೆ ಮಕ್ಕಳ ಆ ರಿಜಿಸ್ಟರನ್ನೂ ಕೊಡಲಿ. ನಮ್ಮ ಶಾಲೆಯ ಪಟ್ಟಿ ನನ್ನ ಹತ್ತಿರ ಇದೆ, ಕನ್ನಡಕ ಮುರಿದವರ ಹೆಸರಿಗೆ ಟಿಕ್ ಹಾಕಿಟ್ಟಿದ್ದೇನೆ. ಯಾವ ಕ್ಲಬ್‌ನವರಾದರೂ ಸರಿ, ಶನಿವಾರ ಬನ್ನಿ. ಬೆಳಗಿನ ಶಾಲೆ ಇರುತ್ತದೆ, ಹನ್ನೊಂದೂವರೆ ಒಳಗೆ ಬಂದರೆ ಮಕ್ಕಳು ಸಿಗುತ್ತಾರೆ.