ಸೊಪ್ಪು ಹಾಕದ ಸರ್ಕಾರ, ಸೊಪ್ಪು ತಿನ್ನುವ ಪ್ರಜೆ

ಬೆಂಗಳೂರಿನ ಸೊಪ್ಪು-ತರಕಾರಿಯಲ್ಲಿ ಸೀಸ ಇದೆ, ಕ್ಯಾಡ್ಮಿಯಂ ಅನ್ನುವ ವಿಷಲೋಹ ಇದೆ ಅನ್ನುವ ಹಳೇ ಸುದ್ದಿ ಮತ್ತೆ ಹೊಸದಾಗಿ ಬಂದಿದೆ. ಮೂರನೇ ಪುಟದಲ್ಲಿ ಇದನ್ನು ಓದಿ ಗಾಬರಿಯಾಗಿ ಪುರವಣಿ ತಿರುವಿದರೆ ಅಲ್ಲಿ ಕಣ್ಣಿಗೆ ಹೊನಗೊನೆ, ರಕ್ತಕ್ಕೆ ಪಾಲಕ್, ಸಕ್ಕರೆ ಕಾಯಿಲೆಗೆ ಮೆಂತ್ಯ. ಮೂರನೇ ಪುಟದವರು ತಿಂದರೆ ಕೆಟ್ಟಿರಿ ಅನ್ನುತ್ತಾರೆ, ಪುರವಣಿಯವರು ತಿನ್ನದಿದ್ದರೆ ಕೆಟ್ಟಿರಿ ಅನ್ನುತ್ತಾರೆ. ಓದುಗ ಎರಡನ್ನೂ ಓದಿ ಮುಗಿಸಿ, ನಡುಪುಟದ ಜಾಹೀರಾತಿನಲ್ಲಿರುವ ಟಾನಿಕ್ ತರಲು ಹೊರಡುತ್ತಾನೆ.

2023ರಲ್ಲಿ ಎಂಪ್ರಿ ಮಾಡಿದ ಪರೀಕ್ಷೆ ನಿಮಗೆಲ್ಲ ನೆನಪಿರಬೇಕು. ಎಂಪ್ರಿ ಯಾವುದೋ ವಿದೇಶಿ ಸಂಚಿನ ಸಂಸ್ಥೆಯಲ್ಲ, ಸರ್ಕಾರದ್ದೇ ಪರಿಸರ ಸಂಶೋಧನಾ ಸಂಸ್ಥೆ. ಹವಾನಿಯಂತ್ರಿತ ಸೂಪರ್ ಮಾರ್ಕೆಟ್ಟು, ಬೀದಿ ಮಾರುಕಟ್ಟೆ, ಸಾವಯವ ಮಳಿಗೆ ಹೀಗೆ ಎಲ್ಲ ಕಡೆಯಿಂದ ತರಕಾರಿ ತಂದು ನೋಡಿದರು. ಒಂದು ಕೆಜಿ ಸೊಪ್ಪಿನಲ್ಲಿ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ಮಿತಿ. ನಮ್ಮ ತರಕಾರಿಗಳು ಮಿತಿಯನ್ನು ನಮ್ಮ ಆಟೋ ಮೀಟರಿನಷ್ಟೇ ಗೌರವಿಸಿದ್ದವು. ಆದರೂ ಸಂತೋಷದ ಸಂಗತಿಯೊಂದಿದೆ. ಮೂರು ಪಟ್ಟು ದುಡ್ಡು ಕೊಟ್ಟು ತಿಂದವನೂ, ಚೌಕಾಸಿ ಮಾಡಿ ತಿಂದವನೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. ಹನ್ನೆರಡನೇ ಶತಮಾನದಿಂದ ಕಾಯುತ್ತಿದ್ದ ಸಮಾನತೆ ಕೊನೆಗೂ ಸೊಪ್ಪಿಗೆ ಹರಿದ ಮೋರಿ ನೀರಿನ ಮೂಲಕ ಬಂತು.

ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ಸೊಪ್ಪು ತರುವ ಹೆಂಗಸಿಗೆ ಪತ್ರಿಕೆ ಓದಿದವರೆಲ್ಲ ಈಗ ಇನ್ಸ್‌ಪೆಕ್ಟರುಗಳಾಗಿದ್ದಾರೆ. ಆಕೆ ಹಳೇ ಪೇಂಟ್ ಡಬ್ಬದ ನೀರಿನಲ್ಲಿ ಕೈ ಅದ್ದಿ ದಂಟಿನ ಕಟ್ಟುಗಳ ಮೇಲೆ ಚಿಮುಕಿಸುತ್ತ, ಗೋಣಿತಾಟು ಸರಿಮಾಡುತ್ತ ನಿಂತಿದ್ದಳು. ಎದುರುಮನೆಯ ನಿವೃತ್ತ ಯಜಮಾನರು ಸಬ್ಬಸಿಗೆ ಮೂಸಿ ನೋಡಿ ಕೇಳಿದರು:

"ಎಲ್ಲಿದಮ್ಮ ಇದು? ಮೋರಿ ನೀರಲ್ಲಿ ಬೆಳೆದಿದ್ದಲ್ಲ ತಾನೆ?"

"ಮಾಲೂರು ಕಡೇದು ಸಾರ್."

"ಎಲ್ಲಾರೂ ಮಾಲೂರು ಅಂತಾನೇ ಹೇಳ್ತೀರ. ನಿಜ ಹೇಳು, ಮೋರಿ ನೀರು ಬಿಟ್ಟಿಲ್ವಾ?"

"ಬಿಟ್ರೂ ಅದು ನಮ್ ಮೋರಿ ಅಲ್ಲ ಸಾರ್, ನಿಮ್ದೇ. ತಗೊಳ್ಳಿ, ಎರಡು ಕಟ್ಟು ಮೂವತ್ತು."

ಯಜಮಾನರು ತಗೊಂಡರು. ಇನ್ನೇನು ಮಾಡುತ್ತಾರೆ?

ಆಕೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ವೃಷಭಾವತಿ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದ ಬುಡದಲ್ಲಿ ಹುಟ್ಟುತ್ತಾಳೆ ಅನ್ನುವುದು ನಮ್ಮ ನಂಬಿಕೆ. ಅಷ್ಟು ಪುಣ್ಯದ ಹುಟ್ಟಿನ ಹುಡುಗಿಗೆ ನಾವು ಊರಿನ ಕಕ್ಕಸು, ಪೀಣ್ಯದ ಕಾರ್ಖಾನೆಗಳ ಕೊಳೆ ಎಲ್ಲ ಕುಡಿಸಿ ಬಿಡದಿ ಪಕ್ಕದ ಬೈರಮಂಗಲ ಕೆರೆಗೆ ಗಂಡನ ಮನೆ ಅಂತ ಕಳಿಸಿಕೊಟ್ಟಿದ್ದೇವೆ. ದಾರಿಯುದ್ದಕ್ಕೂ ಬೇಸಾಯ ಮಾಡುವವನಿಗೆ ವರ್ಷವಿಡೀ ಬತ್ತದ ನೀರು ಅದೊಂದೇ. ಅವನು ಅದನ್ನು ಬಿಟ್ಟು ಮುಗಿಲು ನೋಡಿಕೊಂಡು ಕೂರಬೇಕಿತ್ತೆ? ಅತ್ತ ಮಾಲೂರಿರುವ ಕೋಲಾರ ಜಿಲ್ಲೆಯಲ್ಲಿ ಬೋರು ಸಾವಿರ ಅಡಿ ದಾಟಿದರೂ ಧೂಳು. ಅಲ್ಲಿನವರು ಶಾಶ್ವತ ನೀರಾವರಿ ಬೇಕು ಎಂದು ವರ್ಷಗಟ್ಟಲೆ ಕೂಗಿದ್ದಕ್ಕೆ 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೆರೆಗಳಿಗೆ ಬಿಟ್ಟರು. ಮೂರನೇ ಹಂತವನ್ನೂ ಮಾಡಿ ಎಂದವರಿಗೆ ಯಾರು ಸೊಪ್ಪು ಹಾಕಿದರು? ಅಂತರ್ಜಲ ಹೆಚ್ಚಿತು ಅನ್ನುವವರೂ ಇದ್ದಾರೆ, ಇರಲಿ. ಆ ಕೋಲಾರದ ಸೊಪ್ಪು ಮತ್ತೆ ಲಾರಿ ಹತ್ತಿ ಬರುವುದು ಎಲ್ಲಿಗೆ? ಕಳಿಸಿದವರ ವಿಳಾಸಕ್ಕೇ.

ಇನ್ನು ತಜ್ಞರ ಸಲಹೆ. ಚೆನ್ನಾಗಿ ತೊಳೆಯಿರಿ. ಉಪ್ಪು ನೀರಲ್ಲಿ ನೆನೆಸಿ, ಅರಿಶಿನ ಹಾಕಿ, ವಿನೆಗರ್ ಹಾಕಿ, ಅಡುಗೆ ಸೋಡಾ ಹಾಕಿ. ಸೊಪ್ಪಿಗೆ ನಾವು ಮಾಡಿಸುವ ಸ್ನಾನವನ್ನು ಮದುಮಗನಿಗೂ ಮಾಡಿಸುವುದಿಲ್ಲ. ಮಣ್ಣು ಹೋಗುತ್ತದೆ, ಹುಳು ಹೋಗುತ್ತದೆ, ಮೇಲೆ ಸಿಂಪಡಿಸಿದ ಔಷಧಿಯೂ ಸ್ವಲ್ಪ ಹೋದೀತು. ಗಿಡ ಬೇರಿನಿಂದ ಕುಡಿದ ಕ್ಯಾಡ್ಮಿಯಂ ಎಲೆಯ ಒಳಗಿದೆ ಸ್ವಾಮಿ. ಅದನ್ನು ಯಾವ ಉಪ್ಪು ತೆಗೆಯುತ್ತದೆ?

ಸೊಪ್ಪಿನ ವಿಷಯಕ್ಕೆ ಬಂದರೆ ನಮಗೆ ಪಾಠ ಹೇಳಬೇಕಾದ್ದೇ ಇರಲಿಲ್ಲ, ಅದು ಬೇರೆ ಮಾತು. ಸೊಪ್ಪು ಬೇಯಿಸಿದರೆ ಫೋಲೇಟು ಅನ್ನುವ ಬಿ ವಿಟಮಿನ್ನು, ಸಿ ವಿಟಮಿನ್ನು ನೀರಿಗಿಳಿಯುತ್ತವೆ ಎಂದು ಈಗ ಇನ್‌ಸ್ಟಾಗ್ರಾಂನಲ್ಲಿ ಹುಬ್ಬೇರಿಸಿ ಹೇಳುತ್ತಾರೆ. ಹಳೇ ಮೈಸೂರಿನ ಅಡುಗೆಮನೆಯಲ್ಲಿ ಆ ನೀರು ಬಚ್ಚಲಿಗೆ ಹೋದದ್ದೇ ಇಲ್ಲ. ಬಸಿದ ಆ ನೀರಿಗೆ ಖಾರ ರುಬ್ಬಿ ಹಾಕಿ ಬಸ್ಸಾರು, ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ, ನಡುವೆ ಮುದ್ದೆ. ಒಗ್ಗರಣೆಯ ಎಣ್ಣೆ ಇದ್ದರೇ ಮೈಯಲ್ಲಿ ಎ ವಿಟಮಿನ್ ಆಗುವ ಸೊಪ್ಪಿನ ಕ್ಯಾರೋಟಿನ್ ಚೆನ್ನಾಗಿ ಹತ್ತುವುದು, ನಿಂಬೆಹುಳಿ ಹಿಂಡಿದರೇ ಕಬ್ಬಿಣ ಚೆನ್ನಾಗಿ ಹತ್ತುವುದು. ಧಾರವಾಡದ ಕಡೆ ಹಕ್ಕರಕಿ ಸೊಪ್ಪನ್ನು ಹಸಿಯಾಗೇ ರೊಟ್ಟಿ ಜೊತೆ ತಿನ್ನುತ್ತಾರೆ, ಕರಾವಳಿಯಲ್ಲಿ ಬಸಳೆ ಚಪ್ಪರ ಇಲ್ಲದ ಹಿತ್ತಿಲು ಹಿತ್ತಿಲೇ ಅಲ್ಲ. ಹೊಲದ ಬದುವಿನಲ್ಲಿ ಬಿಟ್ಟಿ ಸಿಗುತ್ತಿದ್ದ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಎಲ್ಲ ಸೇರಿದರೆ ಬೆರಕೆ ಸೊಪ್ಪು. ಈಗ ಆ ಬದು ಲೇಔಟ್ ಆಗಿದೆ. ಲೇಔಟಿನವರು ನುಗ್ಗೆ ಮರ ಕಸ ಉದುರಿಸುತ್ತದೆಂದು ಕಡಿಸಿ, ಆನ್‌ಲೈನಿನಲ್ಲಿ ಅದೇ ನುಗ್ಗೆಸೊಪ್ಪಿನ ಮೊರಿಂಗಾ ಪುಡಿ ತರಿಸಿ ಬಿಸಿನೀರಿಗೆ ಕಲಸಿ ಕುಡಿಯುತ್ತಾರೆ. ಮೈಕ್ರೋಗ್ರೀನ್ಸ್ ಅಂತ ಇನ್ನೊಂದಿದೆ. ಮೊಳಕೆಯೊಡೆದ ಮೆಂತ್ಯವನ್ನು ಕಿತ್ತರೆ ನಮ್ಮಜ್ಜಿ ಬೆನ್ನಿಗೆ ಬಾರಿಸುತ್ತಿದ್ದಳು. ಈಗ ಅದನ್ನೇ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿದರೆ ಅದು ಸ್ಟಾರ್ಟಪ್ಪು.

ಸರ್ಕಾರ ಸುಮ್ಮನೆ ಕೂತಿದೆ ಅಂತ ಮಾತ್ರ ಯಾರೂ ಅನ್ನಬೇಡಿ. ಪ್ರತಿ ಸೆಪ್ಟೆಂಬರಿನಲ್ಲಿ ಪೌಷ್ಟಿಕ ಆಹಾರದ ಪ್ರಚಾರಕ್ಕೆಂದು ಪೋಷಣ್ ಮಾಸ ನಡೆಯುತ್ತದೆ. ಟೇಬಲ್ಲಿನ ಮೇಲೆ ಪಾಲಕ್, ದಂಟು, ನುಗ್ಗೆಸೊಪ್ಪು ಮದುವೆಮನೆಯಂತೆ ಜೋಡಿಸಿಟ್ಟು, ಕ್ಯಾರೆಟ್ ತುರಿಯಲ್ಲಿ ರಂಗೋಲಿ ಬಿಟ್ಟು, ಅಂಗನವಾಡಿ ಕಾರ್ಯಕರ್ತೆಯರನ್ನು ಬಿಸಿಲಲ್ಲಿ ನಿಲ್ಲಿಸಿರುತ್ತಾರೆ. ಸಾಹೇಬರು ಎರಡು ಗಂಟೆ ತಡವಾಗಿ ಬಂದು ಸೊಪ್ಪಿನ ಮಹತ್ವ ಹೇಳುತ್ತಾರೆ. ಗರ್ಭಿಣಿಯರಿಗೆ ಸೀಮಂತ, ಫೋಟೋ, ಆಮೇಲೆ ಎಲ್ಲರಿಗೂ ಬೋಂಡಾ, ಕೇಸರಿಬಾತು, ಅದರ ಮೇಲೆ ಚಹಾ. ಊಟದ ಬೆನ್ನಿಗೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಸಾಹೇಬರು ಆಗಷ್ಟೇ ಭಾಷಣದಲ್ಲಿ ಹೇಳಿರುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ನಾಲ್ಕನೇ ಸುತ್ತಿನಲ್ಲಿ ಶೇ 44.8 ಇದ್ದದ್ದು ಐದನೇ ಸುತ್ತಿಗೆ ಶೇ 47.8 ಆಯಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 60.9 ಇದ್ದದ್ದು 65.5. ಅಂದರೆ ನೂರು ಮಕ್ಕಳಲ್ಲಿ ಅರವತ್ತೈದಕ್ಕೆ ಸಾಕಷ್ಟು ರಕ್ತವಿಲ್ಲ. ಇದರ ಬಗ್ಗೆ ತಮಾಷೆ ಬರೆಯಲು ನನಗೆ ಮನಸ್ಸಾಗುತ್ತಿಲ್ಲ. ಈ ಮಕ್ಕಳ ತಾಯಂದಿರಿಗೆ ಸೊಪ್ಪು ಒಳ್ಳೆಯದು ಅಂತ ಗೊತ್ತಿಲ್ಲವೆ? ಗೊತ್ತಿದೆ. ಸಿಗುವ ಕೂಲಿಯಲ್ಲಿ ಸಂಜೆ ಬಾಡಿದ ಮೇಲೆ ಅಗ್ಗಕ್ಕೆ ಬರುವ ಕಟ್ಟನ್ನು ಕೊಳ್ಳುತ್ತಾರೆ. ಆ ಕಟ್ಟಿನಲ್ಲಿ ಕಬ್ಬಿಣದ ಜೊತೆ ಸೀಸವನ್ನೂ ಸೇರಿಸಿ ಮಾರುವ ವ್ಯವಸ್ಥೆಯನ್ನು ನಾವೆಲ್ಲ ಸೇರಿ ಮಾಡಿದ್ದೇವೆ. ಸೀಸ ಮೊದಲು ಕೆಡಿಸುವುದು ಮಕ್ಕಳ ಮೆದುಳನ್ನು. ಕಾರ್ಖಾನೆಯ ಪೈಪು ರಾತ್ರಿ ಎಷ್ಟು ಹೊತ್ತಿಗೆ ರಾಜಕಾಲುವೆಗೆ ಬಾಯಿ ಬಿಡುತ್ತದೆ ಅನ್ನುವುದು ಆ ಬೀದಿಯ ಟೀ ಅಂಗಡಿಯವನಿಗೆ ಗೊತ್ತು, ನೀರಿನ ಬಣ್ಣ ಯಾವತ್ತು ಬದಲಾಗುತ್ತದೆ ಅನ್ನುವುದು ಕೆಳಗಿನ ರೈತನಿಗೆ ಗೊತ್ತು. ಅಧಿಕಾರಿಗಳಿಗೆ ಮಾತ್ರ ಇನ್ನೊಂದು ಸಮಿತಿ ಬೇಕು.