ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಬಗ್ಗೆ ಬಂದ ಸಿನಿಮಾದಲ್ಲಿ ಎಡಿಟರ್‌ಗಳನ್ನ ವಿಲನ್ ಮಾಡಿದ್ದು ಸರಿನಾ?

ಪರ

ಸರಿನೇ. 'ವೈಲ್ಡ್ ನೈಟ್ಸ್ ವಿತ್ ಎಮಿಲಿ' (2018) ಓವರ್ ಆಯ್ತು ಅನ್ನೋರು, ನಿಜವಾಗ್ಲೂ ಏನಾಗಿತ್ತು ಅಂತ ಸ್ವಲ್ಪ ನೋಡಿ. 1866ರಲ್ಲಿ ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್ ಪತ್ರಿಕೆ ಅವಳ ಒಂದು ಕವಿತೆ ಹಾಕ್ತು. ಅದ್ರಲ್ಲಿ ಹಾವು ಅನ್ನೋ ಪದ ಎಲ್ಲೂ ಇಲ್ಲ, ಬಾಚಣಿಗೇಲಿ ಬೈತಲೆ ತೆಗೆದಂಗೆ ಹುಲ್ಲು ಸೀಳುತ್ತೆ ಅಷ್ಟೇ, ಏನು ಹೋಯ್ತು ಅಂತ ಓದೋರೇ ಕಂಡುಹಿಡೀಬೇಕು. ಇವ್ರು 'ಹಾವು' ಅಂತಲೇ ಹೆಡ್ಡಿಂಗ್ ಕೊಟ್ರು! ಒಗಟು ಕೇಳೋಕೆ ಮುಂಚೆನೇ ಉತ್ತರ. ಸಾಲದ್ದಕ್ಕೆ ಮೂರನೇ ಸಾಲಿನ ಕೊನೇಲಿ ಒಂದು ವಿರಾಮ ಚಿಹ್ನೆ ತುರುಕಿದ್ರು, ಮೂರು ನಾಲ್ಕನೇ ಸಾಲು ಒಂದೇ ಆಗಿತ್ತು, ನನ್ನಿಂದ ಕದ್ದಿದ್ದು ಅದು ಅಂತ ಅವಳೇ ಲೇಖಕ ಹಿಗಿನ್ಸನ್‌ಗೆ ಕಾಗದ ಬರೆದಿದ್ದಾಳೆ.

1886ರಲ್ಲಿ ಸತ್ತ ಮೇಲಂತೂ ಕೇಳೋರೇ ಇಲ್ಲ. 1890ರ ಮೊದಲ ಪುಸ್ತಕಕ್ಕೆ ಎಡಿಟರ್‌ಗಳಾದ ಮೇಬಲ್ ಟಾಡ್, ಹಿಗಿನ್ಸನ್ ಸೇರ್ಕೊಂಡು ಅವಳು ಸಾಲುಗಳಲ್ಲಿ ಹಾಕ್ತಿದ್ದ ಡ್ಯಾಶ್ ಕಿತ್ರು, ಪ್ರಾಸ ತಿದ್ದಿದ್ರು, ಸಾವು ಗಾಡಿ ತಗೊಂಡು ಬರೋ ಕವಿತೇಲಿ ಒಂದು ಚರಣನೇ ಎತ್ತಿಬಿಟ್ರು. ಎಮಿಲಿಯ ಕಾಗದಗಳಲ್ಲಿ ಅತ್ತಿಗೆ ಸೂಸನ್ ಹೆಸರು ಉಜ್ಜಿ ಅಳಿಸಿರೋ ಗುರುತು ಇವತ್ತಿಗೂ ಇದೆ. (ಸೂಸನ್ ಗಂಡ ಆಸ್ಟಿನ್ ಜೊತೆ ಮೇಬಲ್‌ಗೆ ಸಂಬಂಧ ಇತ್ತು, ಬಿಡಿಸಿ ಹೇಳ್ಬೇಕಾ?) ಸಿನಿಮಾದ ಕೊನೇಲಿ ಒಂದು ಕಡೆ ಸೂಸನ್ ಎಮಿಲಿಯ ದೇಹ ತೊಳೀತಿರ್ತಾಳೆ, ಪಕ್ಕದಲ್ಲೇ ಮೇಬಲ್ ಆ ಹೆಸರು ಅಳಿಸ್ತಿರ್ತಾಳೆ. ಅಲ್ಲಿವರೆಗೂ ನಗ್ತಾ ನೋಡ್ದೋನಿಗೆ ಗಂಟಲು ಕಟ್ತು.

ವಿರೋಧ

ಹಾವಿನ ವಿಷಯ ಒಪ್ಕೊಂಡೆ. ಆದ್ರೆ ಹಿಗಿನ್ಸನ್‌ನ ಪೆದ್ದು ಥರ ತೋರ್ಸಿದ್ದು ಅನ್ಯಾಯ ರೀ. ಗುಲಾಮಗಿರಿ ವಿರುದ್ಧ ನಿಂತು ಕಪ್ಪು ಸೈನಿಕರ ರೆಜಿಮೆಂಟ್‌ಗೆ ಕರ್ನಲ್ ಆಗಿದ್ದೋನು ಅವ್ನು. 1862ರಲ್ಲಿ, ನನ್ನ ಪದ್ಯಕ್ಕೆ ಜೀವ ಇದ್ಯಾ ಅಂತ ಅವನಿಗೆ ಕೇಳಿದ್ದು ಎಮಿಲಿನೇ, ಸಾಯೋವರೆಗೂ ಬರೀತಾನೇ ಇದ್ಲು. ತಲೆ ಇಲ್ದೋನಿಗೆ ಇಪ್ಪತ್ನಾಲ್ಕು ವರ್ಷ ಯಾರು ಕಾಗದ ಹಾಕ್ತಾರೆ?

ಮೇಬಲ್ ವಿಷಯಕ್ಕೆ ಬನ್ನಿ. ಸುಮಾರು 1,800 ಕವಿತೆ, ಬದುಕಿದ್ದಾಗ ಅಚ್ಚಾಗಿದ್ದು ಹತ್ತರ ಆಸುಪಾಸು. ದಾರದಲ್ಲಿ ಹೊಲಿದ ನಲವತ್ತು ಪುಸ್ತಿಕೆ ತಂಗಿ ಲವೀನಿಯಾಗೆ ಸಿಕ್ತು, ಅವ್ಳು ಮೊದ್ಲು ಕೊಟ್ಟಿದ್ದು ಸೂಸನ್ ಕೈಗೇ, ಕೆಲಸ ಮುಂದಕ್ಕೆ ಹೋಗ್ಲಿಲ್ಲ. ಆಮೇಲೆ ಮೇಬಲ್ ಕೂತು ನೂರಾರು ಕವಿತೆ ನಕಲು ಮಾಡಿದ್ಲು, ಆ ಕೈಬರಹ ನೋಡಿದೀರಾ, ಎಷ್ಟೋ ಕಡೆ ಒಂದು ಪದಕ್ಕೆ ಎರಡು ಮೂರು ಬದಲಿ ಪದ ಬರೆದು ಹಂಗೇ ಬಿಟ್ಟಿದ್ದಾಳೆ ಎಮಿಲಿ, ಯಾವ್ದೋ ಒಂದನ್ನ ಎಡಿಟರ್ ಆರಿಸ್ಲೇಬೇಕು. ಪ್ರಕಾಶಕರಿಗೂ ನಂಬಿಕೆ ಇರ್ಲಿಲ್ಲ, ಅಚ್ಚಿನ ಪ್ಲೇಟ್ ಖರ್ಚು ನೀವೇ ಕೊಡಿ ಅಂತ ಲವೀನಿಯಾಗೆ ಅಂದ್ರು. ಮುಂದೆ ಬಂದ ಎಡಿಟರ್ ಥಾಮಸ್ ಜಾನ್ಸನ್ ಡ್ಯಾಶ್‌ಗಳನ್ನ ವಾಪಸ್ ತಂದಿದ್ದು 1955ರಲ್ಲಿ.

ಇನ್ನು ಆ ಅಳಿಸಿದ ಹೆಸರು. ಮೇಬಲ್ಲೇ ಅಳಿಸಿದ್ಲು ಅಂತ ಸಿನಿಮಾ ಖಡಾಖಂಡಿತ ಹೇಳುತ್ತೆ, ಆಸ್ಟಿನ್ ಮೇಲೂ ಅನುಮಾನ ಇದ್ಯಲ್ಲ, ಗಂಡನ್ನ ಯಾಕೆ ಬಿಟ್ರು?